ಮಷೀನು ನಿಲ್ಲುವಷ್ಟು ಹೊತ್ತು

ತಾಂಡೂರಿನಿಂದ ಯಾಲಾಲಿಗೆ ಹೋಗುವ ರಸ್ತೆಯ ಪಾಲಿಷ್ ಕಾರ್ಖಾನೆಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಹೊರುವ ಮೋನಮ್ಮ ಕೂಲಿಕಾರರ ಸಂಘಕ್ಕೆ ಸೇರಿದ್ದು ಗಂಡನನ್ನು ಮಣ್ಣು ಮಾಡಿದ ಮಾರನೆಯ ವಾರ.

ಗಂಡ ಗುರುಲಿಂಗ ಅಲ್ಲಿಯೇ ಕಲ್ಲು ಕೊಯ್ಯುತ್ತಿದ್ದ. ಕೆಮ್ಮಿ ಕೆಮ್ಮಿ ಸತ್ತ. ಸ್ಮಶಾನದ ದಾರಿ ಕಾರ್ಖಾನೆಯ ಗೇಟಿನ ಮುಂದೆಯೇ ಹೋಗುತ್ತದೆ. ಸಂಘದವರ ಹೆಣ ಆ ಗೇಟು ದಾಟುವಾಗ ಮಷೀನುಗಳನ್ನು ನಿಲ್ಲಿಸುವುದು ಅಲ್ಲಿನ ರೂಢಿ. ಗುರುಲಿಂಗನೋ, ಚಂದಾ ಕೇಳಲು ಬಂದವರನ್ನು ಗೇಲಿ ಮಾಡಿ ಕಳಿಸಿದವನು. ಮಷೀನುಗಳು ನಿಲ್ಲಲಿಲ್ಲ. ಅವುಗಳ ಕಿರುಚಾಟದಲ್ಲಿ ಹೆಣದ ಮುಂದೆ ಬಾರಿಸುತ್ತಿದ್ದ ಹಲಗೆಯ ಸದ್ದು ಮುಳುಗಿಹೋಯಿತು. ಮೋನಮ್ಮ ಅತ್ತದ್ದು ಅವಳಿಗೇ ಕೇಳಿಸಲಿಲ್ಲ.

ಅಂದಿನಿಂದ ಸಂಘದ ಸಭೆಗೆ ಜಮಖಾನೆ ಹಾಸುವವಳು, ಸುತ್ತಿಡುವವಳು ಅವಳೇ. ಕಚೇರಿಗಳ ಮುಂದೆ ಬಿಸಿಲಲ್ಲಿ ಕೂತಳು, ಗಂಟಲು ಹರಿಯುವಂತೆ ಕೂಗಿದಳು. ಸಿಕ್ಕಿದ್ದು ಕುಡಿಯುವ ನೀರಿನ ನಳ, ಹೆಂಗಸರಿಗೊಂದು ಪಾಯಖಾನೆ. ನಳ ಈಗ ಕೆಟ್ಟಿದೆ. ಅವಳ ಮೊಣಕಾಲೂ ಕೆಟ್ಟಿದೆ. ಈ ತಿಂಗಳಿಂದ ಸಭೆ ಸಾಕು ಎಂದುಕೊಂಡಿದ್ದಳು.

"ನಿನ್ನ ಹೆಣಕ್ಕ ಇಷ್ಟು ತಯಾರಿ ಏನವ್ವಾ?" ಎಂದು ಮಷೀನು ನಡೆಸುವ ಸಿದ್ದರಾಮ ಕಿಚಾಯಿಸುತ್ತಿದ್ದ.

"ಹೌದಪಾ, ನಿನ್ನಂಗ ಪುಗಸಟ್ಟೆ ಸಾಯಾಕ ಬರಾಂಗಿಲ್ಲ ನನಗ."

ಅವನೂ ಚಂದಾ ಕೊಡದವನು. ಮೊನ್ನೆ ಅವನೇ ಸತ್ತ, ಅದೇ ಕೆಮ್ಮಿನಲ್ಲಿ. ಮರುದಿನ ಊಟದ ಹೊತ್ತಿಗೆ, ಇನ್ನೇನು ಹೆಣ ಎತ್ತುತ್ತಾರೆಂದು ಸುದ್ದಿ ಬಂತು. ಮೋನಮ್ಮ ಸಂಘದ ಮುಖಂಡ ಮಾಣಿಕನ ಹತ್ತಿರ ಹೋದಳು.

"ಮಷೀನ್ ಬಂದ್ ಮಾಡಸ್ತೀಯೇನು?"

"ಅವ ನಮ್ಮವನಲ್ಲ ಮೋನಕ್ಕ. ಎಲ್ಲಾರಿಗೂ ನಿಲ್ಲಸ್ಕೋತ ಹೋದ್ರ ಸಂಘಕ್ಕ ಯಾರು ಬರ್ತಾರ? ನೀ ಯಾಕ ಬಂದಿ, ಹೇಳು."

"ನಿಲ್ಲಸಲಿಲ್ಲಂತ ಬಂದೆ."

"ನೋಡು ಮತ್ತ! ನಿನ್ನ ಬಾಯಿಲೇ ಬಂತು."

ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಅಂದು ಮಷೀನುಗಳು ನಿಂತಿದ್ದರೆ ಇಷ್ಟು ವರ್ಷ ಸಂಜೆ ಮನೆಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದಳೇನೋ.

"ಬಂದೀನಿ, ಖರೆ," ಎಂದಳು ಕೊನೆಗೆ. "ಆದ್ರ ನಿಮ್ಮನ್ನ ಇನ್ನಾ ಮಾಫ್ ಮಾಡಿಲ್ಲ."

"ಆಗ ನಾ ಇರಲಿಲ್ಲಲ್ಲಕ್ಕ."

"ಈಗ ಇದ್ದಿ."

ಊಟ ಮುಗಿದು ಮಷೀನುಗಳು ಶುರುವಾದವು. ಗೇಟಿನಾಚೆ ಹೆಣ ಹೊತ್ತ ಮಂದಿ ಕಂಡಾಗ ಮೋನಮ್ಮ ಹೊತ್ತ ಫರಸಿಯನ್ನು ಮಷೀನಿಗೆ ಕೊಡದೆ ನೆಲಕ್ಕಿಳಿಸಿ ನಿಂತುಬಿಟ್ಟಳು. ಜೊತೆಯ ಹೆಂಗಸರೂ ನಿಂತರು. ಸೂಪರ್‌ವೈಸರ್ ಬೈಯುತ್ತ ಬಂದ. ಬಾಯಿ ಆಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಒಂದು ಮಷೀನು ಸುಮ್ಮನಾಯಿತು, ಆಮೇಲೆ ಇನ್ನೊಂದು. ಎಲ್ಲರಿಗಿಂತ ಕೊನೆಗೆ ಮಾಣಿಕ ತನ್ನದನ್ನು ಆರಿಸಿದ. ಹಲಗೆ ಕೇಳಿಸಿತು. ಅದರ ಹಿಂದೆ ಸಿದ್ದರಾಮನ ಹೆಂಡತಿ ಭೂದೇವಿಯ ಅಳು ಕೇಳಿಸಿತು. ಭೂದೇವಿ ಗೇಟಿನ ಕಡೆ ನೋಡಲೂ ಇಲ್ಲ.

ಹೆಣ ದಾಟಿದ ಮೇಲೆ ಮಷೀನುಗಳು ಮತ್ತೆ ಕಿರುಚತೊಡಗಿದವು.

"ಇನ್ನ ಭೂದೇವಿ ಸೇರ್ತಾಳೇನು?" ಸಂಜೆ ಮಾಣಿಕ ಕೇಳಿದ.

"ಯಾಕ ಸೇರ್ತಾಳ? ಆಕಿಗೇನು ಸಿಟ್ಟದ ನಿಮ್ಮ ಮ್ಯಾಲ?"

ಅವನು ತಲೆ ಕೆರೆದುಕೊಂಡ. "ಐತವಾರದ ಸಭಾಕ ನೀನರ ಬರ್ತೀಯೋ ಇಲ್ಲೋ?"

ಮೋನಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. "ಜಮಖಾನಿ ನೀವು ಹಾಸ್ತೀರೇನು? ಹ್ವಾದ ಸಲದ ಧೂಳು ಇನ್ನಾ ಝಾಡಿಸಿಲ್ಲ."