ಟಣ್ಣಕ್ಕ ಮತ್ತು ದನಿಯುಳ್ಳ ಕಲ್ಲುಗಳು

"ಅವಳ ಅಂಗಡಿಗೆ ಹೋಗೋವಾಗ ತಲೆ ಜೋಪಾನ ಕಣ್ರೀ! ತಟ್ಟಿ ನೋಡಿ, ಒಳಗೇನೂ ಇಲ್ಲ ಅಂದುಬಿಡ್ತಾಳೆ" ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು.

ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಟಣ್ಣಕ್ಕ ಪಾತ್ರೆ ರಿಪೇರಿಯವಳು. ಗಂಡ ತೀರಿಕೊಂಡ ಮೇಲೆ ಅಂಗಡಿ, ಸುತ್ತಿಗೆ, ಮದುವೆಯಾಗದ ನಾದಿನಿ, ಮೂರನ್ನೂ ಸಂಭಾಳಿಸಿಕೊಂಡು ಬಂದಿದ್ದಳು. ಯಾವ ಪಾತ್ರೆ ಬಂದರೂ ಮೊದಲು ಹಗ್ಗದ ಸಿಂಬಿಯ ಮೇಲೆ ಕೂರಿಸಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಡುವಳು. ಟಣ್ ಎಂದರೆ ಗಟ್ಟಿ, ದಬ್ ಎಂದರೆ ಬಿರುಕು.

ಅವಳಿಗೆ ಇನ್ನೊಂದು ಹುಚ್ಚಿತ್ತು. ಲಾರಿ ಚಾಲಕರು ತೂತುಬಿದ್ದ ಡಬ್ಬಿ ಕೊಟ್ಟು, ಕೂತು ಹೇಳಿದ ಸುದ್ದಿಯನ್ನೆಲ್ಲ ಬೀದಿಗೆ ಹಂಚುವುದು.

"ನಮ್ಮ ದೇಶ ಅಂದ್ರೆ ಏನಂದ್ಕೊಂಡಿದ್ದೀರಿ? ಗುಲಾಬಿ ಬಣ್ಣದ ಕೆರೆ ಇದೆ. ಗಾಳಿ ಬೀಸಿದ್ರೆ ಗುಂಯ್‌ಗುಡೋ ಮರಳುದಿಬ್ಬ ಇದೆ. ಉಸಿರಾಡೋ ಗುಹೆ ಇದೆ!"

"ಗೊರಕೆ ಹೊಡಿಯೋ ಬೆಟ್ಟ ಇಲ್ವಾ ಅತ್ತಿಗೆ?" ಎಂದು ನಾದಿನಿ ಕೆಣಕುವಳು.

"ಇದೆಯಲ್ಲ. ದಿನಾ ನನ್ನ ಪಕ್ಕದಲ್ಲೇ ಮಲಗತ್ತೆ."

ಒಮ್ಮೆ ಸೌದೆಗೆಂದು ಊರ ಹಿಂದಿನ ಮುಳ್ಳುಗುಡ್ಡ ಹತ್ತಿದವಳು, ಕೈ ಸುಮ್ಮನಿರದೆ, ತುದಿಯಲ್ಲಿ ರಾಶಿಬಿದ್ದಿದ್ದ ಕರಿಬಂಡೆಗಳಲ್ಲಿ ಒಂದಕ್ಕೆ ಕತ್ತಿಯ ಹಿಡಿಯಿಂದ ಕುಟ್ಟಿದಳು. ಬಂಡೆ ಹೊಸ ಕಂಚಿನ ಹಾಗೆ ಟಣ್ಣೆಂದಿತು. ಪಕ್ಕದ್ದು ಬೇರೆ ದನಿಯಲ್ಲಿ ಉತ್ತರ ಕೊಟ್ಟಿತು. ಓಡಿಬಂದು ಹೇಳಿದರೆ ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹತ್ತಿ ನೋಡಲು ಮಾತ್ರ ಒಬ್ಬರೂ ತಯಾರಿಲ್ಲ.

ಅಷ್ಟರಲ್ಲಿ ರಸ್ತೆ ಕೆಲಸ ಬಂತು. ಜಲ್ಲಿಗೆ ಆ ಬಂಡೆಗಳನ್ನೇ ಒಡೆಯುವುದೆಂದು ಮೇಸ್ತ್ರಿ ಗುರುತು ಹಾಕಿದ. ಟಣ್ಣಕ್ಕ ಅವನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅವನ್ನ ಮುಟ್ಟಬೇಡಪ್ಪ. ಅವಕ್ಕೆ ದನಿ ಇದೆ."

ಮೇಸ್ತ್ರಿ ಒಳ್ಳೆಯವನೇ. "ಅಮ್ಮಾ, ನನಗೆ ಆಚೆ ಗುಡ್ಡದ ಕಲ್ಲಾದ್ರೂ ಒಂದೇ. ಆದ್ರೆ ನಿಮ್ಮ ಬೀದಿಯವರೇ ನಗ್ತಾ ಇದ್ದಾರಲ್ಲ? ಅವರೆದುರು ಒಂದು ಕಲ್ಲು ಬಾರಿಸಿ ತೋರಿಸಿ, ದನಿ ಬಂದ್ರೆ ಆಚೆ ಗುಡ್ಡಕ್ಕೇ ಹೋಗ್ತೀನಿ. ನಾಳೆ ಯಂತ್ರ ಬರತ್ತೆ."

ಟಣ್ಣಕ್ಕ ಒಂದು ಉದ್ದನೆಯ ಕಲ್ಲನ್ನು ಮೇಸ್ತ್ರಿಯ ಕೂಲಿಯಾಳುಗಳ ಕೈಲಿ ಗುಡ್ಡದಿಂದ ಇಳಿಸಿ, ಕೈಗಾಡಿಯಲ್ಲಿ ತಂದು, ಬೀದಿಯ ನಡುವೆ ಮಣ್ಣಿನ ಮೇಲೆ ಮಲಗಿಸಿದಳು. ಸುತ್ತಿಗೆ ಎತ್ತಿ ಹೊಡೆದಳು.

ದಬ್.

ಮತ್ತೆ ಹೊಡೆದಳು. ಮತ್ತೆ ದಬ್.

"ಬಿರುಕು ಬಿಟ್ಟಿದೆ ಟಣ್ಣಕ್ಕ, ಬೆಸುಗೆ ಹಾಕು!" ಎಂದು ಕ್ಷೌರದ ಅಂಗಡಿಯವನು ಕೂಗಿದ. ನಗದಿದ್ದವಳು ನಾದಿನಿ ಒಬ್ಬಳೇ.

ಟಣ್ಣಕ್ಕ ಒಳಗೆ ಹೋಗಿ ಕೂತಳು. ಕಣ್ಣು ತುಂಬಿತ್ತು. ಕೈ ಮಾತ್ರ ತನ್ನ ಪಾಡಿಗೆ ಯಾರದೋ ಕೊಳಗವನ್ನೆತ್ತಿ ಸಿಂಬಿಯ ಮೇಲಿಟ್ಟಿತು. ಇಟ್ಟ ಕೈ ಅಲ್ಲೇ ನಿಂತಿತು.

"ಥೂ ನನ್ನ ಬುದ್ಧಿಗಿಷ್ಟು! ನೆಲಕ್ಕೆ ಹೊಟ್ಟೆ ಒತ್ತಿ ಮಲಗಿಸಿದ್ರೆ ಯಾವ ಪಾತ್ರೆ ಬಾಯಿ ಬಿಡತ್ತೆ? ಗುಡ್ಡದ ಮೇಲೆ ಅವು ಒಂದರ ಮೇಲೊಂದು ಅಂಚಷ್ಟೇ ತಾಗಿಸಿಕೊಂಡು ಕೂತಿವೆ! ಏ ಹುಡುಗೀ, ಸಿಂಬಿ ತಗೊಂಡು ಬಾ, ಎರಡು!"

ಆಳುಗಳು ಕಲ್ಲೆತ್ತಿದರು. ನಾದಿನಿ ಎರಡೂ ತುದಿಗಳ ಅಡಿಗೆ ಸಿಂಬಿ ಇಟ್ಟಳು. ಟಣ್ಣಕ್ಕ ಹೊಡೆದಳು.

ಟಣ್‌ಣ್‌ಣ್!

ಆ ದನಿ ಗೋಡೆಯಿಂದ ಗೋಡೆಗೆ ಹಾರಿ ಬೀದಿಯ ಕೊನೆ ಮುಟ್ಟಿತು. ಕ್ಷೌರದ ಅಂಗಡಿಯಿಂದ ಅರ್ಧ ಮುಖಕ್ಕೆ ನೊರೆ ಮೆತ್ತಿದ್ದವನೊಬ್ಬ ಓಡಿಬಂದ. ಮೇಸ್ತ್ರಿ ಸುತ್ತಿಗೆ ಕಸಿದುಕೊಂಡು ತಾನೇ ಹೊಡೆದ, ಮಗುವಿನ ಹಾಗೆ ನಕ್ಕ, ಇನ್ನೊಮ್ಮೆ ಹೊಡೆದ. ಆಮೇಲೆ ಯಾರೂ ಯಾರನ್ನೂ ಕರೆಯಲಿಲ್ಲ. ಬೀದಿಗೆ ಬೀದಿಯೇ ಮುಳ್ಳು ತುಳಿದುಕೊಂಡು ಗುಡ್ಡ ಹತ್ತಿತು. ಸಂಜೆಯವರೆಗೂ ಗುಡ್ಡ ಮೊಳಗಿತು. ಮರುದಿನ ಬಂದ ಯಂತ್ರ ಆಚೆ ಗುಡ್ಡಕ್ಕೆ ಹೋಯಿತು.

ಈಗ ಗುಲಾಬಿ ಕೆರೆ ನೋಡಲು ಹೊರಟವರ ಬಸ್ಸುಗಳು ಇಲ್ಲೂ ನಿಲ್ಲುತ್ತವೆ. ಬಂದವರು ಬಂಡೆ ಕೆಡಿಸದಂತೆ ಕಾಯಲು, ಬಾರಿಸಿ ತೋರಿಸಲು, ಬೀದಿಯವರೇ ಸೇರಿ ಗುಡ್ಡದ ತುದಿಯಲ್ಲೊಂದು ಕೋಣೆ ಕಟ್ಟಿದರು. ಅಲ್ಲಿಗೆ ಯಾರು ಹೋಗಬೇಕೆಂಬ ಪ್ರಶ್ನೆಯೇ ಏಳಲಿಲ್ಲ.

ಹೊರಡುವ ದಿನ ಟಣ್ಣಕ್ಕ ಅಂಗಡಿಯ ಬೀಗದಕೈಯನ್ನು ನಾದಿನಿಯ ಸೆರಗಿಗೆ ಗಂಟು ಹಾಕಿದಳು.

"ಅತ್ತಿಗೆ, ಇನ್ನು ನಾನು ಯಾರ ಹತ್ರ ಜಗಳ ಆಡ್ಲಿ?"

"ಹತ್ತಿ ಬಾ. ಅಲ್ಲಿ ಕಲ್ಲುಗಳೂ ಎದುರುತ್ತರ ಕೊಡ್ತವೆ."

ಹೊರಗೆ ಕ್ಷೌರದವನು ಅವಳ ಮಂಚವನ್ನು ಕೈಗಾಡಿಗೇರಿಸಿ, "ದಾರಿ ಬಿಡ್ರೋ, ಗುಡ್ಡದ ಯಜಮಾನಿ ಬರ್ತಿದ್ದಾಳೆ!" ಎಂದು ಕೂಗುತ್ತಿದ್ದ. ಟಣ್ಣಕ್ಕ ಸೀರೆ ಎತ್ತಿಕಟ್ಟಿ, ಹೊಸ್ತಿಲು ದಾಟಿ, ಗಾಡಿಗಿಂತ ಮುಂದೆ ನಡೆದಳು.