ಆಂಪ್ಲಿಫೈಯರ್ ಹೊಟ್ಟೆಯೊಳಗಿನ ಪುರಿ

ಬೇಸ್ ಗಿಟಾರಿಗೆಂದು ಹದಿನೈದು ವರ್ಷದ ಹಿಂದೆ ಕೊಂಡಿದ್ದ ನನ್ನ ಆಂಪ್ಲಿಫೈಯರು ವಾಲ್ಯೂಮ್ ಗುಂಡಿ ಮುಟ್ಟಿದರೆ ಸಾಕು, ಕರಕರ ಎನ್ನುತ್ತಿತ್ತು. ಹಿಂದಿನ ಸಲ ರಿಪೇರಿ ಮಾಡಿದವನು ಕಳಪೆ ಮಾಲು ಹಾಕಿದ್ದಾನೆ ಎಂದು ದಾರಿಯುದ್ದಕ್ಕೂ ಬೈದುಕೊಳ್ಳುತ್ತಾ, ಜಿಗಣಿಯ ಕೈಗಾರಿಕಾ ಪ್ರದೇಶದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರ ಬಳಿಗೆ ಅದನ್ನು ಹೊತ್ತೊಯ್ದೆ.

ಅವರು ಹಿಂಬದಿಯ ಹಲಗೆ ಬಿಚ್ಚಿದ್ದೇ ತಡ, ಗಬ್ಬು ವಾಸನೆ ಮೂಗಿಗೆ ಹೊಡೆಯಿತು. ಜಿರಳೆಗಳು ಅವರ ಕೈಮೇಲೆ ಹತ್ತಿ ಇಳಿದು ಓಡಿದವು. ಟ್ರಾನ್ಸ್‌ಫಾರ್ಮರಿನ ಸುತ್ತ ಮೊಟ್ಟೆ, ಹಿಕ್ಕೆ, ಅದರ ನಡುವೆ ಕಪ್ಪಗೆ ಮೆತ್ತಗಾದ ಏನೋ. ನಾನು ಮೂಗು ಮುಚ್ಚಿಕೊಂಡು ಹಿಂದೆ ಸರಿದೆ.

ಅವರು ಸ್ಕ್ರೂಡ್ರೈವರಿನ ತುದಿಯಿಂದ ಕೆದಕಿ ನೋಡಿದರು. "ಇದು ಕಡ್ಲೆಪುರಿ ಸಾರ್. ಒಳಗ್ ಯಾರ್ ಹಾಕಿದ್ದು?"

ನಾನೇ. ಪ್ರತಿ ಆಯುಧಪೂಜೆಗೂ ಅದರ ಮೇಲೆ ಪುರಿ ಎರಚಿ, ವಾಲ್ಯೂಮ್ ಗುಂಡಿಗೆ ಕುಂಕುಮ ಮೆತ್ತಿ ಕೈಮುಗಿದವನು ನಾನೇ. ಮೇಲಿನ ಗಾಳಿಕಿಂಡಿಗಳಿಂದ ಪುರಿ ಒಳಗೆ ಉದುರುತ್ತದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಕರಕರ ಎನ್ನುತ್ತಿದ್ದುದೂ ಗುಂಡಿಯ ಸಂದಿಗೆ ಇಳಿದ ಕುಂಕುಮದಿಂದಲೇ ಎಂದು ಆಗ ಅರ್ಥವಾಯಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅವರು ಮುಖ ಕಿವುಚಿಕೊಂಡೇ ಬ್ರಷ್ಷಿನಲ್ಲಿ ಉಜ್ಜಿ, ಗುಂಡಿಗೆ ಸ್ಪ್ರೇ ಹೊಡೆದು, ಹಲಗೆ ಮುಚ್ಚಿದರು. ದನಿ ಶುದ್ಧವಾಗಿ ಬಂತು. ಆಮೇಲೆ ದೇವರ ಪಟದ ಮುಂದಿದ್ದ ಬಟ್ಟಲಿಗೆ ಬೆರಳದ್ದಿ, ಕುಂಕುಮ ಇಡಲು ಅದೇ ಗುಂಡಿಯತ್ತ ಬಗ್ಗಿದರು. ನಾನು ಗಬಕ್ಕನೆ ಅವರ ಕೈ ಹಿಡಿದುಕೊಂಡೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು; ಜಿರಳೆಗಳನ್ನೂ ಹಾಗೆ ನೋಡಿರಲಿಲ್ಲ. "ಯಾಕ್ ಸಾರ್," ಎಂದರು, "ಕುಂಕುಮ ಅಂದ್ರೆ ಅಷ್ಟು ಅಸಹ್ಯನಾ ನಿಮ್ಗೆ?"