ಗುಮಟೆ ಹರಿದದ್ದು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಹೊರಟು, ನಾಳೆ ಹೇಳಿದರಾಯಿತು ಎಂದು ಸುಮ್ಮನಾದವನು ನಾನು. ಕೇಳಬೇಕಾದ ಒಂದು ಕ್ಷಮೆ ಉಳಿದುಹೋಗಿದೆ. ಕಳೆದ ಶನಿವಾರ, ಭಾನುವಾರ ಕುಮಟೆಯ ಕಡಲ ದಂಡೆಯಲ್ಲಿ ನಡೆದ ಬ್ಯಾಂಡುಗಳ ಹಬ್ಬ ಅದನ್ನು ಗಂಟಲಿನವರೆಗೆ ತಂದಿತು.

ನನಗೆ ಬ್ಯಾಂಡ್ ಎಂದರೆ ಹುಚ್ಚು. ಹೊನ್ನಾವರದಲ್ಲಿ ಯಾರದೇ ಮದುವೆ ಮೆರವಣಿಗೆ ಹೊರಡಲಿ, ಕರೆಯದಿದ್ದರೂ ಹಿಂದೆ ಹೋಗುವವನು. ಹಬ್ಬದ ಸುದ್ದಿ ಕೇಳಿದ್ದೇ ಮಿರ್ಜಾನದ ತಂಗಿಯ ಮನೆಗೆ ಹೋಗಿ ಉಳಿದೆ. ಎರಡೂ ಸಂಜೆ ಅವಳನ್ನೂ ಹೊರಡಿಸಿಕೊಂಡು ಹೋದೆ.

ಶನಿವಾರ ಮೊದಲು ಭಟ್ಕಳದ ಹುಡುಗರು. ಅವರ ನವಾಯತಿ ಭಾಷೆಯಲ್ಲಿ ಶುರುವಾದ ಹಾಡು ನಡುವೆ ಕನ್ನಡಕ್ಕೆ ಹೊರಳುತ್ತಿತ್ತು. ಅರ್ಧ ತಿಳಿಯಲಿಲ್ಲ. ಆದರೆ ಗಿಟಾರಿನವನು ತಂತಿ ಎಳೆದಾಗಲೆಲ್ಲ ನನ್ನ ಕಾಲು ತಾನಾಗಿ ಏಳುತ್ತಿತ್ತು. ಆಮೇಲೆ ಕೆಂಪು ಕೋಟಿನಲ್ಲಿ ನಮ್ಮ ಹೊನ್ನಾವರದ ಮದುವೆ ಬ್ಯಾಂಡು. ಟ್ರಂಪೆಟ್ ಊದುವವನ ಕೆನ್ನೆ ನೋಡಿ ಮುಂದೆ ಕೂತ ಮಕ್ಕಳೆಲ್ಲ ಕೆನ್ನೆ ಉಬ್ಬಿಸಿದರು. ನಾನು ಚಪ್ಪಲಿ ಬಿಟ್ಟು ಮರಳಿನಲ್ಲಿ ಕುಣಿದೆ.

"ಅಣ್ಣಾ, ಎಂತ ಕುಣಿತ್ಯೋ! ಬಿದ್ರೆ ನಿನ್ನ ಎತ್ತುಕೆ ಕ್ರೇನೇ ಬರ್ಬೇಕು," ತಂಗಿ ನಕ್ಕಳು.

"ಬಿದ್ರೂ ತಾಳಕ್ಕೇ ಬೀಳ್ತೇನೆ, ಸುಮ್ನಿರು."

ಭಾನುವಾರ ಬಾಡ ಊರಿನ ಹುಡುಗಿಯರ ತಂಡ. ಕೀಬೋರ್ಡು, ಗಿಟಾರುಗಳ ನಡುವೆ ಗುಮಟೆ! ಗುಮಟೆಯೆಂದರೆ ಒಂದು ಬಾಯಿಗೆ ಚರ್ಮ ಬಿಗಿದ ಮಣ್ಣಿನ ಗಡಿಗೆ. ಕಡಲ ಗಾಳಿಗೆ ಆ ಚರ್ಮ ಸಡಿಲಾಗುತ್ತದೆ, ಕಾಯಿಸಿದರೆ ಮತ್ತೆ ನಾದ ಏರುತ್ತದೆ. ನಾವು ಒಲೆಗೆ ಹಿಡಿಯುತ್ತಿದ್ದೆವು. ಈ ಹುಡುಗಿಯರು ವೇದಿಕೆಯ ಪಕ್ಕದಲ್ಲಿ ಹೇರ್ ಡ್ರೈಯರ್ ಹಿಡಿದಿದ್ದರು.

ನಗು ಬಂತು, ಜೊತೆಗೇ ಹಳೆಯದೊಂದು ನೆನಪಾಯಿತು. ಹರೆಯದಲ್ಲಿ ನಾನು ನಮ್ಮ ಕೇರಿಯ ಗುಮಟೆ ತಂಡದಲ್ಲಿದ್ದೆ. ಕಾಯಿಸಿಕೊಡುವುದು ತಂಗಿಯ ಕೆಲಸ. ಹದ ನೋಡಲೆಂದು ಬಾರಿಸುತ್ತಿದ್ದಳು, ನನಗಿಂತ ಚೆನ್ನಾಗಿ. ಒಂದು ಹೋಳಿಯ ದಿನ ಅವಸರಕ್ಕೆ ನಾನೇ ಉರಿಗೆ ಹಿಡಿದೆ. ಚರ್ಮ ಫಟ್ಟೆಂದು ಹರಿಯಿತು. ಅಪ್ಪ ಕೇಳಿದಾಗ, "ಹೆಣ್ಣು ಬಾರಿಸಿದ್ದಕ್ಕೇ ಹರೀತು" ಎಂದುಬಿಟ್ಟೆ. ಅಪ್ಪ ಮತ್ತೆ ಅವಳಿಗೆ ಗುಮಟೆ ಮುಟ್ಟಲು ಬಿಡಲಿಲ್ಲ.

ಈಗ ಅವಳು ನನ್ನ ಪಕ್ಕದಿಂದ ಎದ್ದು ನೆಟ್ಟಗೆ ಹುಡುಗಿಯರ ಬಳಿ ಹೋದಳು.

"ಸಾಕು ಮಗಳೇ, ಸಾಕು! ಹರ್ದು ಹೋಗ್ತದೆ."

"ನಿಮ್ಗೆ ಬಾರ್ಸುಕೆ ಬರ್ತದಾ ಅಮ್ಮಾ?"

"ಬರ್ತಿತ್ತು."

"ಹಾಂಗಾರೆ ತಕೊಳಿ!"

ತಂಗಿ ಬೆರಳಿನಿಂದ ತಟ್ಟಿ ಕಿವಿಗೊಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರ ಜೊತೆ ವೇದಿಕೆ ಹತ್ತಿದಳು. ಎಡಗೈ ಗಡಿಗೆಯ ಹಿಂಬಾಯಿಯನ್ನು ಮುಚ್ಚಿ ತೆರೆಯತೊಡಗಿತು, ಬಲಗೈ ಓಡಿತು, ಹಿಂದೆಯೇ ಗಿಟಾರು ಓಡಿತು. ಒಂದಿಡೀ ಹಾಡಿಗೆ ನನ್ನ ತಂಗಿ ವೇದಿಕೆಯ ಮೇಲೆ! ಶಿಳ್ಳೆ ಹೊಡೆಯಲು ಹೋದೆ, ಹಲ್ಲಿಲ್ಲದ ಬಾಯಿಂದ ಬರೀ ಗಾಳಿ ಬಂತು. ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆ.

ಇಳಿಯುವಾಗ ಅವಳು ಹುಡುಗಿಗೆ ಹೇಳಿದಳು: "ಇದು ಹರಿಯುದು ಕೈಯಿಂದ ಅಲ್ಲ ಮಗಳೇ, ಬೆಂಕಿಯಿಂದ."

ನನ್ನ ಕಡೆ ನೋಡಲಿಲ್ಲ.

ಮಿರ್ಜಾನದ ಬಸ್ಸಿನಲ್ಲಿ ಮುಂದಿನ ಸೀಟಿನ ಬೆನ್ನಿಗೆ ತಾಳ ತಟ್ಟುತ್ತಲೇ ಬಂದಳು. ನಾನು ಬಾಯಿ ತೆರೆದೆ.

"ಎಂತ ಅಣ್ಣಾ?"

"ಎಂತ ಇಲ್ಲ. ಚಂದ ಬಾರಿಸ್ದೆ."

"ಆತು, ಆತು. ನಿಂಗಿಂತ ಚಂದ ಅಂತ ಹೇಳು."

ಅದನ್ನೂ ಹೇಳಿದೆ. ಹೇಳಬೇಕಾದದ್ದು ಮಾತ್ರ ಬಾಯಿಗೆ ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಗುಮಟೆ ಹರಿದದ್ದು ನನ್ನಿಂದ. ಇಷ್ಟು ವರ್ಷ ಕೇಳದೆ ಉಳಿದ ಕ್ಷಮೆಯನ್ನು ಈಗ ನಿನ್ನಲ್ಲಿ ಕೇಳುತ್ತಿದ್ದೇನೆ, ತಂಗಿ.